ಟ್ರಾನ್ಸ್‌ಫರ್‌ಗೆ ಮುಂಚೆ ಕ್ಯಾಲೆಂಡರ್ ನೋಡಿ

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅಂದ್ರೆ ಪಾಸ್‌ಬುಕ್, ಡಿಪಾಸಿಟ್ ಇರೋ ಬ್ಯಾಂಕ್ ಕೆಲಸ ಅಲ್ಲ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ಅಥವಾ ಮೊದಲ ಸಲ ಷೇರು ಮಾರುಕಟ್ಟೆಗೆ ಬರುವಾಗ, ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ, ದುಡ್ಡು ಹೊಂದಿಸಿ, ವ್ಯವಹಾರ ಮುಗಿಸಿಕೊಡೋದು ಈ ಬ್ಯಾಂಕುಗಳ ಕೆಲಸ. ಗೋಲ್ಡ್‌ಮನ್ ಸ್ಯಾಕ್ಸ್, ಜೆ.ಪಿ. ಮಾರ್ಗನ್ ಹೆಸರು ನಮಗೆ ಗೊತ್ತು, ಎರಡಕ್ಕೂ ಬೆಂಗಳೂರಲ್ಲಿ ಆಫೀಸ್ ಇದೆ. ಆದರೆ ಇಲ್ಲಿ ಎಂಜಿನಿಯರ್‌ಗಳಿಗೆ ಸಿಗೋದು ಹೆಚ್ಚಾಗಿ ಟೆಕ್ನಾಲಜಿ, ರಿಸ್ಕ್, ಆಪರೇಷನ್ಸ್ ಕಡೆಯ ಕೆಲಸ. ಕಂಪನಿ ಕೊಳ್ಳೋ ಮಾರೋ ವ್ಯವಹಾರದ ದೊಡ್ಡ ಕೇಂದ್ರ ನ್ಯೂಯಾರ್ಕ್.

ಅಲ್ಲಿಗೆ ಹೋಗೋ ಒಂದು ದಾರಿ ಟ್ರಾನ್ಸ್‌ಫರ್. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಮೂರನೇ ಸೆಮ್‌ಗೆ ಬಂದು ಸೇರ್ತಾರಲ್ಲ, ಹಾಗೆ ಅಮೆರಿಕದಲ್ಲಿ ಒಂದು ಕಾಲೇಜಲ್ಲಿ ಒಂದೆರಡು ವರ್ಷ ಓದಿ, ಕ್ರೆಡಿಟ್ ಸಮೇತ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗೋದು ಮಾಮೂಲು. ಬರಾಕ್ ಒಬಾಮಾ ಆಕ್ಸಿಡೆಂಟಲ್ ಕಾಲೇಜಿನಿಂದ 1981ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಹೀಗೇ. ಭಾರತದಿಂದಲೂ ಅನೇಕ ಕಡೆ ಅರ್ಜಿ ಹಾಕಬಹುದು.

ಯಾವ ವಿಶ್ವವಿದ್ಯಾಲಯ ಆರಿಸಬೇಕು ಅಂದ್ರೆ ಎಲ್ಲರೂ ರ‍್ಯಾಂಕಿಂಗ್ ತೆಗೆದು ಕೂರ್ತಾರೆ. ಈ ಕೆಲಸಕ್ಕೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಬ್ಯಾಂಕುಗಳ ಕ್ಯಾಲೆಂಡರ್.

ಆಯ್ಕೆ ಯಾವಾಗ ನಡೆಯುತ್ತೆ?

ನಮ್ಮ ಪ್ಲೇಸ್‌ಮೆಂಟ್ ಥರ ಫೈನಲ್ ಇಯರ್‌ವರೆಗೆ ಅವರು ಕಾಯಲ್ಲ. ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ಸುಮಾರು 10 ವಾರದ ಇಂಟರ್ನ್‌ಶಿಪ್ ಇರುತ್ತೆ. ಪೂರ್ಣಾವಧಿ ಕೆಲಸಕ್ಕೆ ಹೆಚ್ಚಿನವರನ್ನು ತೆಗೆದುಕೊಳ್ಳೋದು ಆ ಇಂಟರ್ನ್‌ಗಳಿಂದಲೇ. ಆ ಇಂಟರ್ನ್‌ಶಿಪ್‌ಗೆ ದೊಡ್ಡ ಬ್ಯಾಂಕುಗಳ ಆಯ್ಕೆ ಒಂದು ವರ್ಷಕ್ಕೂ ಮುಂಚೆ, ಅಂದ್ರೆ ಎರಡನೇ ವರ್ಷದಲ್ಲೇ ಶುರುವಾಗುತ್ತೆ.

ಒಂದು ಲೆಕ್ಕ ಹಾಕೋಣ. ಒಬ್ಬಳು 2026ರ ಆಗಸ್ಟ್‌ನಲ್ಲಿ ಡಿಗ್ರಿಗೆ ಸೇರಿದಳು ಅಂತ ಇಟ್ಟುಕೊಳ್ಳಿ. ಡಿಗ್ರಿ ಮುಗಿಯೋದು 2030ರ ಮೇನಲ್ಲಿ, ಇಂಟರ್ನ್‌ಶಿಪ್ 2029ರ ಬೇಸಿಗೆಯಲ್ಲಿ. ಅದಕ್ಕೆ ಅರ್ಜಿ ಹಾಕೋದು 2028ರ ಮೊದಲ ತಿಂಗಳುಗಳಲ್ಲಿ. ಮೊದಲ ವರ್ಷ ಮುಗಿಸಿ ಟ್ರಾನ್ಸ್‌ಫರ್ ಆದರೆ ಅವಳು 2027ರ ಆಗಸ್ಟ್‌ನಲ್ಲೇ ಹೊಸ ಕ್ಯಾಂಪಸ್‌ನಲ್ಲಿರ್ತಾಳೆ. ಫೈನಾನ್ಸ್ ಕ್ಲಬ್ ಸೇರೋಕೆ, ಸೀನಿಯರ್‌ಗಳನ್ನು ಪರಿಚಯ ಮಾಡಿಕೊಳ್ಳೋಕೆ ಒಂದು ಸೆಮಿಸ್ಟರ್ ಸಿಗುತ್ತೆ. ಎರಡನೇ ವರ್ಷ ಮುಗಿಸಿ ಹೋದರೆ ತಲುಪೋದು 2028ರ ಆಗಸ್ಟ್‌ಗೆ. ಅಷ್ಟೊತ್ತಿಗೆ ದೊಡ್ಡ ಬ್ಯಾಂಕುಗಳ ಸೀಟು ಹೆಚ್ಚುಕಡಿಮೆ ತುಂಬಿರುತ್ತೆ. ಅದೇ ವಿಶ್ವವಿದ್ಯಾಲಯ, ಅದೇ ಹುಡುಗಿ, ಬದಲಾಗಿದ್ದು ಸೇರಿದ ವರ್ಷ ಮಾತ್ರ.

ಹಾಗಾದ್ರೆ ಎಲ್ಲಿ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು, ಅಂದ್ರೆ ಬರ್ಕ್ಲಿ, ಯುಸಿಎಲ್‌ಎ ಮುಂತಾದವು, ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತವೆ. ಆದರೆ ಅಲ್ಲಿ ಆದ್ಯತೆ ಆ ರಾಜ್ಯದ ಕಮ್ಯೂನಿಟಿ ಕಾಲೇಜಿನವರಿಗೆ, ಸೇರೋದೂ ಸಾಮಾನ್ಯವಾಗಿ ಮೂರನೇ ವರ್ಷಕ್ಕೆ. ಬಾಗಿಲು ದೊಡ್ಡದು, ತೆರೆಯೋದು ತಡ. ಕಾರ್ನೆಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯ ಎರಡನೇ ವರ್ಷಕ್ಕೂ ಟ್ರಾನ್ಸ್‌ಫರ್ ಕೊಡುತ್ತವೆ. ಪ್ರಿನ್ಸ್‌ಟನ್ ಹೆಸರು ದೊಡ್ಡದು, ಆದರೆ ಅದು 1990ರಿಂದ ಟ್ರಾನ್ಸ್‌ಫರ್ ನಿಲ್ಲಿಸಿ 2018ರಲ್ಲಷ್ಟೇ ಮತ್ತೆ ಶುರು ಮಾಡಿದೆ. ತೆಗೆದುಕೊಳ್ಳೋದು ಬೆರಳೆಣಿಕೆಯವರನ್ನು.

ಇನ್ನೊಂದು ವಿಷಯ. ನಮ್ಮಲ್ಲಿ ಕಂಪನಿ ಬಂದಾಗ "ಎಲಿಜಿಬಲ್ ಬ್ರಾಂಚ್: ಸಿಎಸ್, ಐಎಸ್" ಅಂತ ನೋಟಿಸ್ ಹಾಕಿ, ಮೆಕ್ಯಾನಿಕಲ್‌ನವರು ಬೈಕೊಂಡು ಹೋಗ್ತಾರಲ್ಲ? ಅಲ್ಲಿಯೂ ವಿಶ್ವವಿದ್ಯಾಲಯದ ಒಳಗೆ ಯಾವ ಸ್ಕೂಲು ಅನ್ನೋದು ಲೆಕ್ಕಕ್ಕೆ ಬರುತ್ತೆ. ಬರ್ಕ್ಲಿಯ ಹಾಸ್, ಮಿಷಿಗನ್‌ನ ರಾಸ್ ಬಿಸಿನೆಸ್ ಸ್ಕೂಲ್‌ಗಳಿಗೆ ಪ್ರತ್ಯೇಕ ಆಯ್ಕೆ ಇದೆ. ವಿಶ್ವವಿದ್ಯಾಲಯಕ್ಕೆ ಸೇರಿದ ಮಾತ್ರಕ್ಕೆ ಅಲ್ಲಿ ಸೀಟು ಸಿಕ್ಕಂತಲ್ಲ. ಇಂಡಿಯಾನಾ ಸರ್ಕಾರಿ ವಿಶ್ವವಿದ್ಯಾಲಯ, ಐವಿ ಲೀಗ್ ಅಲ್ಲ. ಆದರೂ ಅದರ ಕೆಲ್ಲಿ ಸ್ಕೂಲ್‌ನ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ವರ್ಕ್‌ಶಾಪ್ ಮೂಲಕ ಹುಡುಗರು ವಾಲ್‌ ಸ್ಟ್ರೀಟ್‌ಗೆ ಹೋಗ್ತಾರೆ.

ನಮ್ಮಂಥವರು ಹಾಕಬೇಕಾದ ಲೆಕ್ಕ

ಎಫ್-1 ವೀಸಾದಲ್ಲಿ ಓದಿದವರಿಗೆ ಡಿಗ್ರಿ ಆದ ಮೇಲೆ 12 ತಿಂಗಳು ಕೆಲಸ ಮಾಡೋ ಅವಕಾಶ ಇದೆ, ಅದಕ್ಕೆ ಓಪಿಟಿ ಅಂತಾರೆ. ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗಬಹುದು. ಎಷ್ಟೋ ಫೈನಾನ್ಸ್ ಡಿಗ್ರಿಗಳು ಆ ಪಟ್ಟಿಯಲ್ಲಿಲ್ಲ. ಕೆಲವು ವಿಶ್ವವಿದ್ಯಾಲಯಗಳು ತಮ್ಮ ಅರ್ಥಶಾಸ್ತ್ರ ಡಿಗ್ರಿಯನ್ನು ಎಕನಾಮೆಟ್ರಿಕ್ಸ್ ಕೋಡ್ ಅಡಿ ಸ್ಟೆಮ್ ಮಾಡಿವೆ. ಎಚ್-1ಬಿ ಲಾಟರಿಗೆ ಒಂದೇ ಸಲ ಹೆಸರು ಹೋಗುತ್ತೋ ಎರಡು ಮೂರು ಸಲ ಹೋಗುತ್ತೋ ಅನ್ನೋದು ಇದರ ಮೇಲೆ ನಿಂತಿದೆ. ಜೊತೆಗೆ, ವಿದೇಶಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಬಹಳ ಕಡಿಮೆ. ಮನೆಯಲ್ಲಿ ಸೈಟ್ ಅಡ ಇಟ್ಟು ಸಾಲ ತೆಗೆಯೋ ವಿಷಯ ಇದು.

ಆದ್ದರಿಂದ ಅರ್ಜಿ ಶುಲ್ಕ ಕಟ್ಟೋ ಮುಂಚೆ ಪ್ರತಿ ವಿಶ್ವವಿದ್ಯಾಲಯಕ್ಕೂ ಈ ನಾಲ್ಕು ಪ್ರಶ್ನೆ ಮೇಲ್ ಮಾಡಿ:

1. ನನ್ನ ಎಷ್ಟು ಕ್ರೆಡಿಟ್ ಒಪ್ಪುತ್ತೀರಿ, ಯಾವ ವರ್ಷಕ್ಕೆ ಸೇರಿಸಿಕೊಳ್ಳುತ್ತೀರಿ?
2. ಬಿಸಿನೆಸ್ ಸ್ಕೂಲ್‌ಗೆ ನೇರ ಪ್ರವೇಶವೋ, ಮತ್ತೆ ಅರ್ಜಿ ಹಾಕಬೇಕೋ?
3. ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದೆಯೇ?
4. ವಿದೇಶಿ ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಹಣಕಾಸಿನ ನೆರವು ಇದೆಯೇ?

ಐದನೇದನ್ನು ನೀವೇ ಹುಡುಕಬೇಕು. ಲಿಂಕ್ಡ್‌ಇನ್‌ನಲ್ಲಿ ಆ ವಿಶ್ವವಿದ್ಯಾಲಯದಿಂದ ಬ್ಯಾಂಕ್‌ಗೆ ಹೋದ ಅನಲಿಸ್ಟ್‌ಗಳ ಪ್ರೊಫೈಲ್ ತೆಗೆದು, ಅವರಲ್ಲಿ ಟ್ರಾನ್ಸ್‌ಫರ್ ಆಗಿ ಬಂದವರು ಯಾರು, ಯಾವ ವರ್ಷಕ್ಕೆ ಸೇರಿದ್ದರು ಅಂತ ನೋಡಿ. ಒಬ್ಬರೂ ಸಿಗದಿದ್ದರೆ ಆ ಹೆಸರನ್ನು ಪಟ್ಟಿಯ ಕೆಳಗೆ ಹಾಕಿ.

ಈಗಾಗಲೇ ಎರಡನೇ ವರ್ಷ ಮುಗಿಸುತ್ತಿರುವವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಸಣ್ಣ ಬ್ಯಾಂಕುಗಳು ಆಯ್ಕೆ ತಡವಾಗಿ ಮಾಡುತ್ತವೆ. ಕ್ರೆಡಿಟ್ ಕಡಿಮೆ ಒಪ್ಪಿಕೊಂಡು ಎರಡನೇ ವರ್ಷಕ್ಕೇ ಸೇರಿಸಿಕೊಂಡರೆ ಒಂದು ವರ್ಷದ ಫೀಸು ಜಾಸ್ತಿ ಬೀಳುತ್ತೆ, ಆದರೆ ಆಯ್ಕೆಯ ಸಮಯ ಕೈಗೆ ಸಿಗುತ್ತೆ. ಇಲ್ಲೇ ಬಿಇ ಮುಗಿಸಿ, ಎಂಬಿಎ ಮಾಡಿ ಮುಂಬೈನಲ್ಲಿ ಇದೇ ಕೆಲಸಕ್ಕೆ ಹೋಗುವವರೂ ಇದ್ದಾರೆ. ಮೂರಕ್ಕೂ ಆಗೋ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು, ಮನೆಯವರ ಮುಂದೆ ಇಟ್ಟು ಮಾತಾಡಿ.