ಕೂದಲು ಉದುರುವ ದಿನಗಳಲ್ಲಿ ಮಗುವಿನ ಆರೈಕೆ

ಕ್ಯಾನ್ಸರಿಗೆ ಔಷಧ ಚಿಕಿತ್ಸೆ ಪಡೆಯುತ್ತಿರುವ ಮಗುವಿನ ತಲೆಗೂದಲು ಉದುರುವುದು ಚಿಕಿತ್ಸೆಯ ಪರಿಣಾಮವೇ ಹೊರತು ರೋಗ ಉಲ್ಬಣಿಸಿದುದರ ಸೂಚನೆಯಲ್ಲ. ಈ ಸಂಗತಿಯನ್ನು ಮೊದಲು ಮನೆಯ ಹಿರಿಯರು ಮನಗಾಣಬೇಕು. ದಿಂಬಿನ ಮೇಲೆ ಬಿದ್ದ ಕೂದಲನ್ನು ಕಂಡು ತಾಯಿ ಕಣ್ಣೀರಿಟ್ಟರೆ, ಮಗು ಹೆದರುವುದು ಕೂದಲು ಹೋಯಿತೆಂದಲ್ಲ, ತಾಯಿ ಅತ್ತಳೆಂದು.

ಕ್ಯಾನ್ಸರಿನ ಜೀವಕೋಶಗಳು ವೇಗವಾಗಿ ಇಬ್ಭಾಗವಾಗುತ್ತ ಬೆಳೆಯುತ್ತವೆ. ಹಾಗೆ ಬೆಳೆಯುವ ಕೋಶಗಳನ್ನು ಹುಡುಕಿ ನಾಶಪಡಿಸುವುದೇ ಅನೇಕ ಔಷಧಗಳ ಕಾರ್ಯವಿಧಾನ. ಕೂದಲಿನ ಬುಡದ ಕೋಶಗಳೂ ಅಷ್ಟೇ ವೇಗವಾಗಿ ಬೆಳೆಯುವುದರಿಂದ ಅವೂ ಪೆಟ್ಟು ತಿನ್ನುತ್ತವೆ. ಎಲ್ಲ ಔಷಧಗಳ ಪರಿಣಾಮವೂ ಒಂದೇ ತೆರನಲ್ಲ. ಡಾಕ್ಸೋರೂಬಿಸಿನ್, ಸೈಕ್ಲೋಫಾಸ್ಫಮೈಡ್ ಮುಂತಾದವುಗಳಿಂದ ಕೂದಲು ಹೆಚ್ಚಾಗಿ ಉದುರುತ್ತದೆ. ಸಾಮಾನ್ಯವಾಗಿ ಚಿಕಿತ್ಸೆ ಆರಂಭವಾದ 2-3 ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಹುಬ್ಬು ಮತ್ತು ರೆಪ್ಪೆಯ ಕೂದಲೂ ಉದುರುವುದುಂಟು.

ಈ 2-3 ವಾರಗಳ ಅವಧಿಯೇ ಮಗುವನ್ನು ಸಿದ್ಧಗೊಳಿಸಲು ದೊರೆಯುವ ಕಾಲಾವಕಾಶ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್ 2ರಿಂದ 5 ವರ್ಷ ವಯಸ್ಸಿನವರಲ್ಲಿಯೇ ಅಧಿಕ. ಈ ವಯಸ್ಸಿನ ಮಗುವಿಗೆ ಜೀವಕೋಶದ ವಿವರಣೆ ಅರ್ಥವಾಗದು. ಆದರೆ ತಾನೇನೋ ತಪ್ಪು ಮಾಡಿದ್ದರಿಂದ ಹೀಗಾಯಿತೆಂದು ಅದು ತನ್ನಷ್ಟಕ್ಕೆ ಭಾವಿಸಿಕೊಳ್ಳಬಲ್ಲದು. ಊಟ ಮಾಡಲಿಲ್ಲ, ಹಠ ಹಿಡಿದೆ, ಅದಕ್ಕೆ ಈ ಶಿಕ್ಷೆ ಎಂದು. ಆದುದರಿಂದ ಹೇಳುವ ಮಾತು ಚಿಕ್ಕದಾಗಿಯೂ ನಿಜವಾಗಿಯೂ ಇರಬೇಕು: "ಕಂದಾ, ಈ ಔಷಧಿ ನಿನ್ನ ಕಾಯಿಲೆಯನ್ನು ಓಡಿಸುತ್ತದೆ. ಓಡಿಸುವಾಗ ಕೂದಲೂ ಉದುರಿಹೋಗುತ್ತದೆ. ನೋವಾಗುವುದಿಲ್ಲ. ನೀನು ಏನೂ ತಪ್ಪು ಮಾಡಿಲ್ಲ. ಆಮೇಲೆ ಮತ್ತೆ ಬರುತ್ತದೆ." ಒಮ್ಮೆ ಹೇಳಿದರೆ ಸಾಲದು, ಮಗು ಕೇಳಿದಾಗಲೆಲ್ಲ ಬೇಸರಿಸದೆ ಅದನ್ನೇ ಹೇಳಬೇಕು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಂತಹ ಪರಸ್ಥಳದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಡೆಯುವಾಗ ಮಗುವಿನ ಕಿವಿಗೆ ಬೀಳುವ ಮಾತು ಬಹುಪಾಲು ಹಿಂದಿ ಅಥವಾ ಮರಾಠಿ. ವೈದ್ಯರೂ ದಾದಿಯರೂ ಪ್ರೀತಿಯಿಂದಲೇ ಮಾತನಾಡಿಸಿದರೂ, ಇಂತಹ ವಿಷಯ ಮಗುವಿಗೆ ತಿಳಿಯಬೇಕಾದುದು ಮನೆಯವರ ಬಾಯಿಂದ, ಮನೆಯ ಮಾತಿನಲ್ಲಿ.

"ದೇವರಿಗೆ ಮುಡಿ ಕೊಟ್ಟೆವು" ಎಂದು ಹೇಳಿ ಪಾರಾಗುವ ಮನಸ್ಸು ಹಿರಿಯರಿಗೆ ಬರುವುದು ಸಹಜ. ಚೌಲದ ಪದ್ಧತಿ ನಮ್ಮ ಮನೆಗಳಲ್ಲಿ ಇರುವುದರಿಂದ ಬೋಳುತಲೆ ಮಗುವಿಗೆ ತೀರ ಅಪರಿಚಿತವಲ್ಲ. ತಮ್ಮನ ಅಥವಾ ತಂಗಿಯ ಚೌಲದ ಭಾವಚಿತ್ರವನ್ನು ತೋರಿಸಿ, ಕೂದಲು ಮತ್ತೆ ಹೇಗೆ ಬೆಳೆಯಿತೆಂದು ವಿವರಿಸುವುದು ಒಳ್ಳೆಯ ಉಪಾಯವೇ. ಆದರೆ ಸುಳ್ಳು ಹೇಳಬಾರದು. ಪಕ್ಕದ ಹಾಸಿಗೆಯ ಮಕ್ಕಳ ತಲೆಯೂ ಬೋಳಾಗಿರುವುದನ್ನು ಮಗು ನೋಡುತ್ತದೆ. ಒಂದು ಸುಳ್ಳು ಬಯಲಾದರೆ ಮರುದಿನ ಸೂಜಿಯ ಬಗ್ಗೆ ಹೇಳಿದ ನಿಜವನ್ನೂ ಅದು ನಂಬುವುದಿಲ್ಲ.

ಹರಕೆ ಹೊತ್ತಿದ್ದರೂ ಚಿಕಿತ್ಸೆಯ ನಡುವೆ ಕ್ಷೇತ್ರಕ್ಕೆ ಕರೆದೊಯ್ದು ಮುಡಿ ತೆಗೆಸುವುದು ಅಪಾಯಕರ. ಈ ಅವಧಿಯಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಪ್ಲೇಟ್‌ಲೆಟ್‌ಗಳು ಕಡಿಮೆಯಿದ್ದರೆ ಚಿಕ್ಕ ಗಾಯದಿಂದಲೂ ರಕ್ತ ಸುಲಭವಾಗಿ ನಿಲ್ಲದು. ಹರಕೆಯನ್ನು ಚಿಕಿತ್ಸೆ ಮುಗಿದ ಮೇಲೆ ತೀರಿಸಬಹುದು. ಮನೆಯಲ್ಲಿಯೂ ಕ್ಷೌರದ ಕತ್ತಿ, ಬ್ಲೇಡುಗಳನ್ನು ಬಳಸಬಾರದು. ಉದುರುವ ಮುನ್ನವೇ ಕತ್ತರಿಯಿಂದ ಕೂದಲನ್ನು ಗಿಡ್ಡವಾಗಿ ಕತ್ತರಿಸಿದರೆ, ಉದುರುವಾಗ ರಾಶಿಯಾಗಿ ಕಾಣುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಜಡೆ ಹೆಣೆಯುವುದು ತಾಯಿ ಮಗಳ ಪ್ರತಿದಿನದ ಒಡನಾಟ. ಬೇಸಿಗೆಯಲ್ಲಿ ಮೊಗ್ಗಿನ ಜಡೆ ಹಾಕಿಸಿ ಚಿತ್ರ ತೆಗೆಸುವ ಸಂಭ್ರಮ ಅನೇಕ ಮನೆಗಳದು. ಜಡೆ ಹೋದರೆ ಆ ಹೊತ್ತೂ ಬರಿದಾಗುತ್ತದೆ. ಅದೇ ಹೊತ್ತಿನಲ್ಲಿ ತಲೆಗೆ ಬಣ್ಣದ ವಸ್ತ್ರ ಕಟ್ಟುವುದು, ಗೊಂಬೆಗೂ ಅಂಥದೇ ಟೋಪಿ ತೊಡಿಸುವುದು, ಕಥೆ ಹೇಳುವುದು ನಡೆಯಬಹುದು. ಬೋಳುತಲೆಯನ್ನು ಅಶುಭವೆಂದು ಕಾಣುವ ಹಳೆಯ ಭಾವನೆ ಕೆಲವು ಹಿರಿಯರಲ್ಲಿ ಉಳಿದಿದೆ. ಅಂತಹ ಮಾತು, ಬೈಗುಳವಾಗಿರಲಿ ಮುದ್ದಿಗಾಗಿರಲಿ, ಮಗುವಿನ ಮುಂದೆ ಬರಕೂಡದು. ನೋಡಲು ಬರುವ ನೆಂಟರಿಗೆ ಬಾಗಿಲಲ್ಲಿಯೇ ಇದನ್ನು ತಿಳಿಸುವುದು ಮೇಲು.

ಟೋಪಿ ಧರಿಸುವುದೋ ಬಿಡುವುದೋ ಎಂಬುದನ್ನು ಮಗುವೇ ನಿರ್ಧರಿಸಲಿ. ಬಿಸಿಲಿನಲ್ಲಿ ಮತ್ತು ದೆಹಲಿಯಂತಹ ಊರಿನ ಚಳಿಯಲ್ಲಿ ಮಾತ್ರ ತಲೆ ಮುಚ್ಚಲೇಬೇಕು. ಒಳಭಾಗ ಮೃದುವಾದ ಹತ್ತಿ ಬಟ್ಟೆಯದಾದರೆ ಚರ್ಮ ಕೆರೆಯುವುದಿಲ್ಲ. ಮಗುವಿಗೆ ಜೊತೆಯಾಗಲೆಂದು ತಂದೆ ತಾನೂ ತಲೆ ಬೋಳಿಸಿಕೊಳ್ಳುವುದುಂಟು. ಕೆಲವು ಮಕ್ಕಳು ಇದರಿಂದ ನಗುತ್ತಾರೆ, ಕೆಲವರು ಬೆದರುತ್ತಾರೆ. ಮೊದಲು ಕೇಳುವುದು ಲೇಸು.

ಶಾಲೆಗೆ ಮರಳುವ ಮುನ್ನ ತಂದೆತಾಯಿಗಳು ಉಪಾಧ್ಯಾಯರನ್ನು ಕಂಡು, ಟೋಪಿಗೆ ಅನುಮತಿ ಪಡೆದು, ಇದು ಅಂಟುರೋಗವಲ್ಲವೆಂದು ತರಗತಿಗೆ ಮುಂಚೆಯೇ ತಿಳಿಸುವಂತೆ ಕೋರಬೇಕು. ಮನೆಯ ಇತರ ಮಕ್ಕಳಿಗೂ ಇದೇ ವಿಷಯ ಹೇಳಬೇಕು. ತಮ್ಮ ಕೂದಲೂ ಉದುರೀತೆಂಬ ಭಯ ಅವರಿಗೂ ಇರುತ್ತದೆ.

ಔಷಧದಿಂದ ಉದುರಿದ ಕೂದಲು ಸಾಮಾನ್ಯವಾಗಿ ಪ್ರಬಲ ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ಮರಳಿ ಬರುತ್ತದೆ. ಮೊದಲು ಬಣ್ಣವೋ ಗುಂಗುರೋ ಬೇರೆಯಾಗಿರಬಹುದು. ತಲೆಗೆ ವಿಕಿರಣ ಚಿಕಿತ್ಸೆ ನೀಡಿದ್ದಲ್ಲಿ, ಅದರ ಪ್ರಮಾಣ ಅಧಿಕವಾಗಿದ್ದರೆ, ಆ ಭಾಗದಲ್ಲಿ ಕೂದಲು ಬಾರದೆಯೂ ಇರಬಹುದು. ಆದ್ದರಿಂದ "ಮತ್ತೆ ಬರುತ್ತದೆ" ಎಂಬ ಮಾತು ಕೊಡುವ ಮೊದಲು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು.