ಸಹಿ ಹಾಕುವ ಮುನ್ನ

ಹರಿಯಬ್ಬೆ, ಧರ್ಮಪುರ, ಹಿರಿಯೂರಿನ ಕಡೆಯಿಂದ ಸಿವಿಲ್ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರುತ್ತಿರುವ ಮಕ್ಕಳೇ, ನಿಮ್ಮಲ್ಲಿ ಕೆಲವರು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೋ ಲೋಕೋಪಯೋಗಿ ಇಲಾಖೆಗೋ ಹೋಗುತ್ತೀರಿ. ಕೆಲವರು ಬೆಂಗಳೂರಿನ ಕಂಪನಿ ಸೇರುತ್ತೀರಿ, ಒಬ್ಬಿಬ್ಬರು ಕೆನಡಾಕ್ಕೂ ಹೊರಟಿದ್ದೀರಿ. ಎಲ್ಲಿಗೇ ಹೋಗಿ, ಸ್ವಲ್ಪ ದಿನದಲ್ಲೇ ಯಾರಾದರೂ ಒಂದು ಕಾಗದ ಮುಂದಿಟ್ಟು "ಇಲ್ಲೊಂದು ಸಹಿ ಹಾಕಿ ಸಾರ್" ಎನ್ನುತ್ತಾರೆ. ನಾನು ಹೇಳಬೇಕಾದದ್ದು ಆ ಸಹಿಯ ಬಗ್ಗೆ.

ನಮ್ಮ ದೇಶದಲ್ಲಿ ಎಂಜಿನಿಯರನ ಸಹಿಗೆ ಕಾವಲಿಲ್ಲ. ವಕೀಲ ತಪ್ಪಿದರೆ 1961ರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತು ವಿಚಾರಣೆ ನಡೆಸಿ ಸನ್ನದನ್ನೇ ಕಿತ್ತುಕೊಳ್ಳಬಹುದು. ವೈದ್ಯರ ಮೇಲೆ ವೈದ್ಯಕೀಯ ಪರಿಷತ್ತಿದೆ. ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆ, ಆರ್ಕಿಟೆಕ್ಟರಿಗೆ 1972ರ ಕಾಯ್ದೆ ಇದೆ. ಎಂಜಿನಿಯರರಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. 1920ರಲ್ಲಿ ಹುಟ್ಟಿ 1935ರಲ್ಲಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಒಂದು ನೀತಿಸಂಹಿತೆ ಇಟ್ಟುಕೊಂಡಿದೆ, ನಿಜ. ಆದರೆ ಅದಕ್ಕೆ ಸದಸ್ಯರಾಗುವುದು ಬಿಡುವುದು ನಮ್ಮಿಷ್ಟ, ಸದಸ್ಯನಲ್ಲದವನನ್ನು ಅದು ಏನೂ ಕೇಳಲಾರದು. ಸರ್ಕಾರಿ ನೌಕರನಿಗೆ ಇಲಾಖಾ ವಿಚಾರಣೆ, ಲೋಕಾಯುಕ್ತದ ಭಯವಾದರೂ ಉಂಟು. ಖಾಸಗಿಯಾಗಿ ಕೆಲಸ ಮಾಡುವವನು ಒಂದು ಊರಲ್ಲಿ ಹೆಸರು ಕೆಡಿಸಿಕೊಂಡು ಇನ್ನೊಂದು ಊರಲ್ಲಿ ಬೋರ್ಡು ಹಾಕಿಕೊಂಡರೆ ತಡೆಯುವವರು ಯಾರು?

1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಏಳಂತಸ್ತಿನ ಗಂಗಾರಾಂ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಇನ್ನೊಂದು ಕಟ್ಟಡ ಬಿದ್ದು 19 ಜನ ಹೋದರು. ಎರಡು ಸಲವೂ ಪೊಲೀಸು, ಕೋರ್ಟು ಬಂದದ್ದು ಹೆಣ ಎಣಿಸಿದ ಮೇಲೆ. ಕಟ್ಟಡ ಏಳುತ್ತಿರುವಾಗಲೇ "ನಿನ್ನ ಲೆಕ್ಕ ತೋರಿಸು" ಎಂದು ಕೇಳುವವರು ಬೇಕಿತ್ತು.

1907 ಎಂಬ ಇಸವಿಯನ್ನು ನೆನಪಿಟ್ಟುಕೊಳ್ಳಿ. 1898ರಲ್ಲಿ ಶುರುವಾದ ನಮ್ಮ ಮಾರಿಕಣಿವೆ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು ಆ ವರ್ಷ. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದು ಬಂದ ಆ ನೀರನ್ನು ಕಟ್ಟೆ ತಡೆದು ನಿಂತಿತು. ಕಟ್ಟಿದವರಲ್ಲಿ ಒಬ್ಬರೂ ಅದನ್ನು ನೋಡಲು ಇರಲಿಲ್ಲ. ನೋಡುವವರಿಲ್ಲದಾಗಲೂ ಅವರು ಸರಿಯಾಗಿ ಅಳೆದಿದ್ದರು.

ಅದೇ 1907ರ ಆಗಸ್ಟ್ 29ರಂದು ಕೆನಡಾದ ಕ್ವಿಬೆಕ್‌ನಲ್ಲಿ ಕಟ್ಟುತ್ತಿದ್ದ ದೊಡ್ಡ ಕಬ್ಬಿಣದ ಸೇತುವೆ ನದಿಗೆ ಬಿದ್ದು 75 ಕೆಲಸಗಾರರು ಸತ್ತರು. ನಡುವಿನ ಅಂಕಣವನ್ನು 1600 ಅಡಿಯಿಂದ 1800 ಅಡಿಗೆ ಹಿಗ್ಗಿಸಿದ್ದರು, ಸೇತುವೆಯ ಸ್ವಂತ ತೂಕವನ್ನು ಮಾತ್ರ ಹೊಸದಾಗಿ ಲೆಕ್ಕ ಹಾಕಿರಲಿಲ್ಲ. ಕೆಳಗಿನ ತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದ ಕಿರಿಯ ಎಂಜಿನಿಯರ್ ನಾರ್ಮನ್ ಮೆಕ್ಲೂರ್ ಗಮನಿಸಿದ, ಕಾಗದ ಬರೆದ, ಕೊನೆಗೆ ತಾನೇ ನ್ಯೂಯಾರ್ಕಿಗೆ ಹೋದ. ಮುಖ್ಯ ಸಲಹೆಗಾರ ಥಿಯೋಡರ್ ಕೂಪರ್ ಅಲ್ಲಿ ಕುಳಿತೇ ಕೆಲಸ ನಡೆಸುತ್ತಿದ್ದರು. ಇನ್ನು ಭಾರ ಹೇರಬೇಡಿ ಎಂದು ಅವರು ಸೇತುವೆ ಕಟ್ಟುತ್ತಿದ್ದ ಕಂಪನಿಗೆ ತಂತಿ ಕಳಿಸಿದರು. ಸೇತುವೆಯ ಮೇಲೆ ಕೆಲಸ ನಿಲ್ಲಲಿಲ್ಲ, ಆ ಸಂಜೆಯೇ ಬಿತ್ತು. ದೊಡ್ಡ ಹೆಸರಿನ ಮೇಲಿನ ಭರವಸೆಯಿಂದ ಯಾರೂ ಆ ಲೆಕ್ಕವನ್ನು ಎರಡನೇ ಸಲ ನೋಡಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಆ ಕಿರಿಯನ ಮೇಲೆ ಗೌರವ ಹುಟ್ಟುತ್ತದೆ, ಅವನ ಮಾತು ತಡವಾಗಿ ತಲುಪಿದ್ದಕ್ಕೆ ಸಂಕಟವಾಗುತ್ತದೆ.

ಇಂದು ಕೆನಡಾದಲ್ಲಿ ಪ್ರತಿ ಪ್ರಾಂತ್ಯಕ್ಕೂ ಎಂಜಿನಿಯರರ ಪರವಾನಗಿ ಕಾನೂನಿದೆ. 1925ರಿಂದ ಹೊಸ ಎಂಜಿನಿಯರರು ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಟ್ಟು ಪ್ರತಿಜ್ಞೆ ಮಾಡುತ್ತಾರೆ. ಹಾಗೆಂದು ಕಾನೂನೇ ಎಲ್ಲವನ್ನೂ ಕಾಯುತ್ತದೆ ಎಂದುಕೊಳ್ಳಬೇಡಿ. 2012ರ ಜೂನ್‌ನಲ್ಲಿ ಒಂಟಾರಿಯೋದ ಎಲಿಯಟ್ ಲೇಕ್ ಎಂಬಲ್ಲಿ ಮಾಲ್ ಒಂದರ ಚಾವಣಿ ಕುಸಿದು ಇಬ್ಬರು ಹೆಂಗಸರು ಸತ್ತರು. ಕೆಲವೇ ವಾರಗಳ ಹಿಂದೆ ಎಂಜಿನಿಯರ್ ಒಬ್ಬ ಅದನ್ನು ನೋಡಿ ಭದ್ರವಾಗಿದೆ ಎಂದು ಬರೆದಿದ್ದ. ಮಾಲೀಕ ಕೇಳಿದನೆಂದು ವರದಿಯನ್ನು ತಿದ್ದಿದ್ದೂ ವಿಚಾರಣೆಯಲ್ಲಿ ಹೊರಬಿತ್ತು. ಹೊರಬಂದದ್ದು ಅಲ್ಲಿ ಕೇಳುವವರಿದ್ದುದರಿಂದ. ಅದಕ್ಕೇ ಪರಿಷತ್ತೂ ಬೇಕು, ಒಳಗಿನ ಅಂಜಿಕೆಯೂ ಬೇಕು.

ಇನ್ನು ನಿಮ್ಮ ದಿನದ ಕೆಲಸಕ್ಕೆ ಬರುತ್ತೇನೆ. ಅಳತೆ ಪುಸ್ತಕ, ನೀವೆಲ್ಲ ಎಂಬಿ ಎನ್ನುವುದು, ಅದರಲ್ಲಿ ಟೇಪು ಹಿಡಿದು ಅಳೆಯದ ಒಂದು ಸಾಲನ್ನೂ ಬರೆಯಬೇಡಿ. ಕಾಂಕ್ರೀಟಿನ ಕ್ಯೂಬುಗಳನ್ನು ನಿಮ್ಮ ಕಣ್ಣೆದುರೇ ತುಂಬಿಸಿ, ಗುರುತು ಹಾಕಿ, 28 ದಿನ ಆದ ಮೇಲೆ ಒಡೆಸಿ. ಬೇರೆ ಕಡೆ ಸಿಮೆಂಟು ಹೆಚ್ಚು ಹಾಕಿ ಮಾಡಿಟ್ಟ ಕ್ಯೂಬು ಲ್ಯಾಬಿಗೆ ಹೋದರೆ ಪರೀಕ್ಷೆ ಪಾಸಾಗುತ್ತದೆ, ನಿಮ್ಮ ಚೆಕ್‌ಡ್ಯಾಂ ಪಾಸಾಗುವುದಿಲ್ಲ. ನಮ್ಮ ಸೀಮೆಯಲ್ಲಿ ಮಳೆಯೇ ಅಪರೂಪ. ಬಂದ ಒಂದು ಮಳೆಗೆ ಚೆಕ್‌ಡ್ಯಾಂ ಕೊಚ್ಚಿಕೊಂಡು ಹೋದರೆ ಕೆಳಗಿನ ಶೇಂಗಾ ಹೊಲದ ಮೇಲ್ಮಣ್ಣೂ ಹೋಗುತ್ತದೆ, ಆ ರೈತನಿಗೆ ಯಾವ ಬಿಲ್ಲೂ ಪಾಸಾಗುವುದಿಲ್ಲ. ತಪ್ಪು ಕಂಡರೆ ಮೇಸ್ತ್ರಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ತಾರೀಖು ಹಾಕಿ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ.

ಹೀಗೆ ನಡೆದರೆ ವರ್ಗಾವಣೆ ಬರಬಹುದು, ಕಂಪನಿ ಹೊರಗೆ ಹಾಕಬಹುದು. ಸುಳ್ಳು ಧೈರ್ಯ ನಾನು ಹೇಳುವುದಿಲ್ಲ. ಅದಕ್ಕೇ ಇಂದಿನ ನಿಮಗಿಂತ ಹೆಚ್ಚು ಗಟ್ಟಿಯಾಗಿ ಈ ಮಾತನ್ನು ಮುಂದೆ ಎಇಇ, ಇಇ ಎಂಬ ಮೇಲಧಿಕಾರಿಗಳಾಗುವ ನಿಮಗೆ ಹೇಳುತ್ತಿದ್ದೇನೆ: ಮೇಲ್ತಪಾಸಣೆಯ ಸಹಿಯನ್ನು ಜೀಪಿನಲ್ಲಿ ಕೂತು ಹಾಕಬೇಡಿ, ಇಳಿದು ಅಳೆಯಿರಿ. ಕಿರಿಯನೊಬ್ಬ "ಸಾರ್, ಇದು ಸರಿಯಿಲ್ಲ" ಎಂದು ಬಂದರೆ ಆ ದಿನವೇ ಕೆಲಸ ನಿಲ್ಲಿಸಿ ನೋಡಿ, ಅವನನ್ನು ಗುತ್ತಿಗೆದಾರನ ಬಾಯಿಗೆ ಬಿಟ್ಟುಕೊಡಬೇಡಿ.

ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಜನ್ಮದಿನವೆಂದು ಎಂಜಿನಿಯರುಗಳ ದಿನ ಆಚರಿಸುತ್ತೀರಿ, ಭಾವಚಿತ್ರಕ್ಕೆ ಹಾರ ಹಾಕುತ್ತೀರಿ. ಆ ವೇದಿಕೆಯ ಮೇಲೆ ಶಾಸಕರು, ಸಂಸದರು ಕೂತಿರುತ್ತಾರೆ. ವಕೀಲರಿಗೆ, ವೈದ್ಯರಿಗೆ ಇರುವಂಥ ಪರಿಷತ್ತು, ತಪ್ಪಿದವನ ಪರವಾನಗಿ ಕಿತ್ತುಕೊಳ್ಳಬಲ್ಲ ಪರಿಷತ್ತು ಎಂಜಿನಿಯರರಿಗೂ ಬೇಕು ಎಂದು ಅವರ ಕೈಗೆ ಮನವಿ ಕೊಡಿ. ಮೊದಲ ಸಹಿ ನಿಮ್ಮದೇ ಇರಲಿ.