ಮಾಡು ಬಿಚ್ಚುವ ಮೊದಲು ಗಾಡಿ ಗೊತ್ತು ಮಾಡಿ

ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ, ನಮ್ಮ ಕರಾವಳಿಯಲ್ಲಿ ಮಾಡು ಬದಲಾಯಿಸುವ ಕೆಲಸ ಜೋರು. ಹಳೆಯ ಹಂಚು ಅಥವಾ ಸಿಮೆಂಟ್ ಶೀಟು ಇಳಿಸಿ ಬಣ್ಣದ ತಗಡು ಹಾಕಿಸುತ್ತೇವೆ. ತಗಡಿನ ಬೆಲೆ, ಮೇಸ್ತ್ರಿಯ ಕೂಲಿ ಎಲ್ಲವೂ ಮೊದಲೇ ಮಾತಾಗಿರುತ್ತದೆ. ಇಳಿಸಿದ ಹಳೆಯ ಮಾಡು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಐದು ವರ್ಷದ ಮಗನನ್ನು ಉಬ್ಬಸಕ್ಕೆಂದು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮನೆಯಲ್ಲಿ ಏನಾದರೂ ಕೆಲಸ ನಡೆಯುತ್ತಿದೆಯೇ ಎಂದು ಕೇಳಿದೆ. "ಹೌದು ಡಾಕ್ಟ್ರೇ, ಮಾಡು ತೆಗೆದಿದ್ದೇವೆ. ಹಳೆಯ ಶೀಟು ಹಾಕಲು ಜಾಗ ಇರಲಿಲ್ಲ. ಪುಡಿ ಮಾಡಿ ಅಂಗಳಕ್ಕೆ ಹಾಕಿಸಿದೆವು. ಮಳೆಗೆ ಕೆಸರಾಗುವುದಿಲ್ಲವಲ್ಲ" ಎಂದರು. ಮಗು ದಿನವಿಡೀ ಆಡುತ್ತಿದ್ದುದು ಅದೇ ಅಂಗಳದಲ್ಲಿ. ಧೂಳಿನಿಂದ ಕೆರಳಿದ್ದ ಉಬ್ಬಸ ಕೆಲವೇ ದಿನಗಳಲ್ಲಿ ಹತೋಟಿಗೆ ಬಂತು. ನನಗೆ ಭಯವಾದದ್ದು ಉಬ್ಬಸಕ್ಕಲ್ಲ, ಆ ಪುಡಿಗೆ.

ಶೀಟಿನೊಳಗೆ ಏನಿದೆ?

ಹಳೆಯ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನಷ್ಟು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತದೆ. ಶೀಟು ಗಟ್ಟಿಯಾಗಿ ಮಾಡಿನ ಮೇಲೆ ಇರುವಷ್ಟು ದಿನ ಅಪಾಯ ಕಡಿಮೆ. ಒಡೆದಾಗ, ಕತ್ತರಿಸಿದಾಗ, ಕುಟ್ಟಿದಾಗ ಕಣ್ಣಿಗೆ ಕಾಣದ ನಾರುಗಳು ಗಾಳಿಗೆ ಸೇರುತ್ತವೆ. ಉಸಿರಿನೊಂದಿಗೆ ಒಳಹೋದ ನಾರು ಶ್ವಾಸಕೋಶದಲ್ಲೇ ಉಳಿಯಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶ್ವಾಸಕೋಶದ ಕ್ಯಾನ್ಸರ್ ಹಾಗೂ ಅದರ ಹೊದಿಕೆಗೆ ಬರುವ ಮೀಸೊಥೆಲಿಯೋಮ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕಾಗಬಹುದು. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಯುನಾನಿ ವೈದ್ಯ ಮೊದಲು ಎಣಿಸುವುದು ಗಾಳಿಯನ್ನು. ಜೋಶಾಂದ ಕುಡಿದರೆ, ಆವಿ ತೆಗೆದುಕೊಂಡರೆ ಗಂಟಲಿಗೆ ಹಿತವಾದೀತು. ಆದರೆ ಶ್ವಾಸಕೋಶದಲ್ಲಿ ನೆಲೆಯೂರಿದ ನಾರನ್ನು ಹೊರತರುವ ಔಷಧ ಯುನಾನಿಯಲ್ಲೂ ಇಲ್ಲ, ಅಲೋಪತಿಯಲ್ಲೂ ಇಲ್ಲ. ಆದ್ದರಿಂದ ಒಳಹೋಗದಂತೆ ತಡೆಯುವುದೊಂದೇ ದಾರಿ.

ಮೊದಲು ಗಾಡಿ, ಆಮೇಲೆ ಏಣಿ

ಗಲ್ಫಿನಲ್ಲಿ ದುಡಿದು ಬಂದವರು ನೋಡಿರುತ್ತೀರಿ. ಕಟ್ಟಡ ಕೆಡಹುವ ಮೊದಲೇ ದೊಡ್ಡ ಕಬ್ಬಿಣದ ತೊಟ್ಟಿಯನ್ನು ಬಾಡಿಗೆಗೆ ತಂದು ನಿಲ್ಲಿಸುತ್ತಾರೆ. ತುಂಬಿದ ಮೇಲೆ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಅಂಥ ತೊಟ್ಟಿ ಸಿಗುವುದು ಕಷ್ಟ. ಆದರೆ ಆ ಕ್ರಮವನ್ನು ನಾವೂ ಪಾಲಿಸಬಹುದು. ಪಿಕಪ್ ಅಥವಾ ಟಿಪ್ಪರನ್ನು ಮೊದಲೇ ಗೊತ್ತು ಮಾಡಿ, ಮೇಸ್ತ್ರಿಯ ಎಸ್ಟಿಮೇಟಿನಲ್ಲೇ ಅದರ ಬಾಡಿಗೆ ಬರೆಸಿ.

ಎಷ್ಟು ಭಾರವಾಗುತ್ತದೆ? ಒಂದು ಮಂಗಳೂರು ಹಂಚು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಸಾವಿರ ಚದರ ಅಡಿಯ ಮಾಡೆಂದರೆ ಸುಮಾರು 1,400 ಹಂಚು, ಮೂರೂವರೆ ಟನ್ನು. ಅಷ್ಟೇ ಅಗಲದ ಸಿಮೆಂಟ್ ಶೀಟು ಒಂದೂಕಾಲು ಟನ್ನಿನಷ್ಟಾಗುತ್ತದೆ. ಪಕ್ಕಾಸು, ರೀಪುಗಳ ಭಾರ ಬೇರೆ. ಈ ಲೆಕ್ಕ ಹೇಳಿದರೆ ಎಷ್ಟು ಟ್ರಿಪ್ ಬೇಕೆಂದು ಗಾಡಿಯವರೇ ತಿಳಿಸುತ್ತಾರೆ.

ಗಾಡಿಯವರನ್ನು ತಪ್ಪದೆ ಕೇಳಬೇಕಾದ ಪ್ರಶ್ನೆ: "ಇದನ್ನು ಎಲ್ಲಿ ಹಾಕುತ್ತೀರಿ?" ತೋಡಿನ ಬದಿಗೋ ಗದ್ದೆಗೋ ಸುರಿಯುವವರಾದರೆ ಬೇಡ. ಕಟ್ಟಡದ ಅವಶೇಷವನ್ನು ರಸ್ತೆಗೆ, ಚರಂಡಿಗೆ ಹಾಕಬಾರದೆಂದು ಕೇಂದ್ರದ 2016ರ ನಿಯಮಗಳಲ್ಲೇ ಹೇಳಲಾಗಿತ್ತು. ದಾರಿಯಿಂದ ತೊಂದರೆ ಸರಿಸುವುದು ಈಮಾನಿನ ಭಾಗವೆಂದು ಮದ್ರಸದಲ್ಲಿ ಕಲಿತ ನಾವು, ನಮ್ಮ ಹಳೆಯ ಮಾಡನ್ನು ಇನ್ನೊಬ್ಬರ ದಾರಿಗೆ ಹಾಕಬಹುದೇ? ಪಂಚಾಯತ್ ಅಥವಾ ನಗರಸಭೆಯಲ್ಲಿ ಜಾಗ ಯಾವುದೆಂದು ಮೊದಲೇ ವಿಚಾರಿಸಿ. ಕಲ್ನಾರಿನ ಶೀಟು ಇದೆಯೆಂದು ಬೇರೆಯಾಗಿಯೇ ತಿಳಿಸಿ.

ಶೀಟು ಇಳಿಸುವಾಗ

1. ಹಳೆಯ ಶೀಟಿನಲ್ಲಿ ಕಲ್ನಾರು ಇದೆ ಎಂದೇ ತಿಳಿದು ನಡೆಯಿರಿ. ನೋಡಿ ಹೇಳಲಾಗದು.

2. ಮಕ್ಕಳು, ಗರ್ಭಿಣಿಯರು, ವೃದ್ಧರು ಆ ದಿನ ಸಂಬಂಧಿಕರ ಮನೆಯಲ್ಲಿರಲಿ. ಬಾವಿಗೆ, ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿ.

3. ಶೀಟಿಗೆ ನೀರು ಚಿಮುಕಿಸಿ ಒದ್ದೆ ಮಾಡಿ. ಒದ್ದೆ ಶೀಟು ಜಾರುತ್ತದೆ, ಹಳೆಯ ಶೀಟು ಕಾಲಿಟ್ಟರೆ ಮುರಿಯುತ್ತದೆ. ಆದ್ದರಿಂದ ಅದರ ಮೇಲೆ ನಿಲ್ಲದೆ ಹಲಗೆ ಅಥವಾ ಅಟ್ಟಣೆಯ ಮೇಲೆ ನಿಂತು ಕೆಲಸ ಮಾಡಿಸಿ.

4. ಸುತ್ತಿಗೆ, ಕಟ್ಟರ್ ಮೆಷಿನ್ ಬೇಡ. ಕೊಕ್ಕೆ ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಿ. ಮೇಲಿನಿಂದ ಎಸೆಯಬಾರದು.

5. ಬಾಯಿಗೆ ಕಟ್ಟುವ ಬಟ್ಟೆ ಈ ನಾರನ್ನು ತಡೆಯದು. ಕೆಲಸದವರಿಗೆ ಎಫ್‌ಎಫ್‌ಪಿ3 ಅಥವಾ ಪಿ-100 ದರ್ಜೆಯ ಮಾಸ್ಕ್ ನೀವೇ ತಂದುಕೊಡಿ. ಅವರಿಗೂ ಮನೆ-ಮಕ್ಕಳಿದ್ದಾರೆ.

6. ಒಡೆದ ಚೂರುಗಳನ್ನು ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ. ಒಣ ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಅದರೊಂದಿಗೇ ಕಟ್ಟಿ.

7. ಕೆಲಸದ ಉಡುಪನ್ನು ಕೊಡವದೆ ಬೇರೆಯಾಗಿ ಒಗೆಯಿರಿ. ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಿ.

8. ಹಳೆಯ ಶೀಟನ್ನು ಆಡಿನ ಕೊಟ್ಟಿಗೆಗೆಂದು ಯಾರಿಗೂ ದಾನ ಮಾಡಬೇಡಿ.

ಹಂಚು, ಮರ

ಹಂಚು ಸುಟ್ಟ ಮಣ್ಣು, ಅದರಲ್ಲಿ ಕಲ್ನಾರಿಲ್ಲ. ಇಡಿಯಾಗಿರುವುದನ್ನು ಮಾರಬಹುದು, ಕೊಡಬಹುದು. ಒಡೆದದ್ದನ್ನು ಸ್ವಂತ ಜಾಗದ ತಗ್ಗಿಗೆ ತುಂಬಬಹುದು. ಆದರೆ ರಾಶಿ ಹಾಕಿ ಮಳೆಗೆ ಬಿಡಬೇಡಿ. ರಾಶಿಯಲ್ಲಿ ಇಲಿ, ಹಾವು ಸೇರುತ್ತವೆ. ಹಂಚಿನ ಚೂರಿನಲ್ಲಿ, ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಒಂದು ವಾರ, ಹತ್ತು ದಿನದೊಳಗೆ ಬೆಳೆದುಬಿಡುತ್ತದೆ. ಮರದ ರೀಪಿನ ಮೊಳೆ ಕಿತ್ತು ತೆಗೆದಿಡಿ. ತುಕ್ಕು ಮೊಳೆ ಚುಚ್ಚಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ.

ಆ ಮನೆಯವರು ನನ್ನ ಮಾತು ಕೇಳಿ ಅಂಗಳವನ್ನು ಒದ್ದೆ ಮಾಡಿ, ಕೈಗವಸು, ಮಾಸ್ಕ್ ಹಾಕಿ ಸಿಕ್ಕಷ್ಟು ಚೂರು ಆಯ್ದು ಕಟ್ಟಿದರು. ಉಳಿದುದರ ಮೇಲೆ ಕಾಂಕ್ರೀಟ್ ಹಾಕಿಸಿದರು. ಗಾಡಿಯ ಬಾಡಿಗೆಗಿಂತ ಹಲವು ಪಟ್ಟು ಹೆಚ್ಚು ಖರ್ಚಾಯಿತು. ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ, ಚೆನ್ನಾಗಿದ್ದಾನೆ. ಕೆಲವೇ ದಿನ ಆ ಧೂಳಿನಲ್ಲಿದ್ದವನಿಗೆ ಅಪಾಯ ಕಡಿಮೆ ಎಂದು ತಾಯಿಗೆ ಧೈರ್ಯ ಹೇಳಿದ್ದೇನೆ. ಏನೂ ಆಗುವುದಿಲ್ಲ ಎಂದು ಮಾತ್ರ ನಾನು ಬರೆದುಕೊಡಲಾರೆ. ನಿಮ್ಮ ಮಕ್ಕಳ ವಿಷಯದಲ್ಲಿ ಆ ಪ್ರಶ್ನೆಯೇ ಏಳದಿರಲಿ. ಮಾಡು ಬಿಚ್ಚುವ ಮುನ್ನ ಗಾಡಿ ಗೊತ್ತು ಮಾಡಿ.